ಕೊಣ್ಣೂರಿನ ಕ್ಯಾನು ಮತ್ತು ತೊಂಬತ್ತೈದೂವರೆ ಆಕ್ಟೇನ್

ಡಿಸೆಂಬರ್ ಏಳು, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಈ ಅನಾಹುತ ಅಧಿಕೃತವಾಗಿ ಆರಂಭವಾದದ್ದು ಆಗ. ನನ್ನ ಡೈರಿಯಲ್ಲಿ ಆ ಹೊತ್ತಿನ ಎದುರು "ಹವೆ ತಂಪು, ಮನಸ್ಸು ಪ್ರಸನ್ನ" ಎಂದು ಬರೆದಿದೆ. ಎರಡನೆಯದನ್ನು ಆಮೇಲೆ ಹೊಡೆದು ಹಾಕಿದ್ದೇನೆ.

ಮೊದಲು ಗಾಡಿಯ ಪರಿಚಯ ಮಾಡಿಕೊಡಬೇಕು. ಹುಕ್ಕೇರಿಯಲ್ಲಿ ಟಯರ್ ಅಂಗಡಿ ಇಟ್ಟಿರುವ ನನ್ನ ಭಾವ, ಎಂದರೆ ಅಕ್ಕನ ಗಂಡ, ಪುಣೆಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದರು. ಬಣ್ಣ ಹಳದಿ. ಬಾಗಿಲು ಎರಡು. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಹುಕ್ಕೇರಿಯ ಪ್ರತಿಯೊಂದು ರೋಡ್ ಹಂಪಿನ ಮುಂದೆಯೂ ಅದು ಓರೆಯಾಗಿ, ವಿನಯದಿಂದ, ಹೊಸ ಸೊಸೆ ಹೊಸ್ತಿಲು ದಾಟುವಂತೆ ದಾಟುತ್ತಿತ್ತು. ಹತ್ತು ವರ್ಷ ಕಂಡವರ ಗಾಡಿಗಳ ಟಯರ್ ಬಿಚ್ಚಿದ ಮನುಷ್ಯ ತನಗಾಗಿ ಆಸೆಪಟ್ಟು ತಂದುಕೊಂಡ ವಸ್ತು ಅದೊಂದೇ.

ಅದಕ್ಕೊಬ್ಬ ವಿರೋಧಿ ಇದ್ದರು. ಭಾವನ ತಂದೆ, ಲಕ್ಕಪ್ಪ ಮುತ್ಯಾ. ಕುಲಗೋಡದ ಹತ್ತಿರ ಕುರಿ ಹಿಂಡು ಇಟ್ಟುಕೊಂಡು ಈಗಲೂ ಹೊಲದಲ್ಲೇ ಇರುವ ಹಿರಿಯರು. ಅವರು ಯಾವ ಗಾಡಿಯನ್ನಾದರೂ ಅಳೆಯುವುದು ಒಂದೇ ಅಳತೆಯಿಂದ.

"ಇದರಾಗ ಎಷ್ಟು ಕುರಿ ಹಿಡಸ್ತಾವು?"

"ಒಂದೂ ಹಿಡಸಂಗಿಲ್ಲ ಯಪ್ಪಾ," ಎಂದಿದ್ದರು ಭಾವ.

"ಮತ್ತ ಯಾಕ ತಂದಿ?"

ಈ ಪ್ರಶ್ನೆಗೆ ಭಾವ ಮೂರು ತಿಂಗಳಿಂದ ಉತ್ತರ ಹುಡುಕುತ್ತಿದ್ದರು. ಕೊನೆಗೆ, "ಒಮ್ಮೆ ಕೂತು ನೋಡು, ಅಷ್ಟ ಸಾಕು" ಎಂದು ಗೋಗರೆದರು. ಮುತ್ಯಾ ಒಪ್ಪಿದರು, ಆದರೆ ಷರತ್ತಿನ ಮೇಲೆ. "ಹಿಂಡಿನ ಮುಂದ ನಡಿಯೋ ಟಗರು ನಡುದಾರ್ಯಾಗ ಕುಂತ್ರ ನಾವು ಅದನ್ನ ಸಂತಿಗೆ ಹೊಡೀತೇವಿ. ನಿನ್ನ ಗಾಡಿ ಕುಲಗೋಡದಿಂದ ಹುಕ್ಕೇರಿ ಮುಟ್ಟೂತನಕ ಎಲ್ಲೂ ಕುಂದ್ರಬಾರದು. ಕುಂತ್ರ, ಮಾರಬೇಕು. ಮಾತು ಅಂದ್ರ ಮಾತು."

"ಮಾತು," ಎಂದರು ಭಾವ. ರವಿವಾರ ಅಕ್ಕನ ಕೈಯ ಊಟಕ್ಕೆ ಮುತ್ಯಾನನ್ನು ಹುಕ್ಕೇರಿಗೆ ಕರೆತರುವುದೆಂದು ನಿಶ್ಚಯವಾಯಿತು.

ಆದರೆ ಗಾಡಿಗೊಂದು ಕಾಯಿಲೆ ಇತ್ತು. ಏರು ಬಂದರೆ ಇಂಜಿನ್ನಿನ ಒಳಗೆ ಜೋಳದ ಅರಳು ಹುರಿದಂತೆ ಟಕಟಕ ಸಪ್ಪಳ. ಭಾವ ನನಗೆ ಫೋನು ಮಾಡಿದರು. ನಾನು ಗೋಕಾಕದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಪಾಠ ಹೇಳುವವನು. ಹಲ್ಲುಜ್ಜುವ ಬ್ರಷ್ಷನ್ನು ಎಂದು ಬದಲಾಯಿಸಿದೆ ಎಂಬುದನ್ನೂ ಬರೆದಿಡುವವನು. ಆದ್ದರಿಂದ ನಮ್ಮ ಬಳಗದಲ್ಲಿ ನನ್ನನ್ನು ಇಂಜಿನಿಯರ್ ಎಂದೇ ತಿಳಿದಿದ್ದಾರೆ. ನಾನೂ ಯಾರನ್ನೂ ತಿದ್ದಿರಲಿಲ್ಲ.

ಎರಡು ಸಂಜೆ ಓದಿ ರೋಗ ಕಂಡುಹಿಡಿದೆ. ಪೆಟ್ರೋಲು ತನ್ನ ಸರದಿಗೆ ಕಾಯದೆ ಮೊದಲೇ ಸಿಡಿದರೆ ಆ ಟಕಟಕ ಬರುತ್ತದೆ. ಪೆಟ್ರೋಲಿನ ತಾಳ್ಮೆಯನ್ನು ಅಳೆಯುವ ಅಂಕಕ್ಕೆ ಆಕ್ಟೇನ್ ಎನ್ನುತ್ತಾರೆ. ಭಾವನ ಗಾಡಿಯ ಟಾಕಿ ಮುಚ್ಚಳದ ಒಳಗೆ ಕನಿಷ್ಠ ತೊಂಬತ್ತೈದು ಬೇಕೆಂದು ಚೀಟಿ ಅಂಟಿಸಿತ್ತು. ಅವರು ಹಾಕಿಸುತ್ತಿದ್ದ ಸಾದಾ ಪೆಟ್ರೋಲು ತೊಂಬತ್ತೊಂದು. ಬೆಳಗಾವಿಯ ಒಂದು ಬಂಕಿನಲ್ಲಿ ನೂರರದ್ದು ಸಿಗುತ್ತಿತ್ತು. ಹತ್ತು ಲೀಟರು ತೊಂಬತ್ತೊಂದು, ಹತ್ತು ಲೀಟರು ನೂರು. ಸರಾಸರಿ ತೊಂಬತ್ತೈದೂವರೆ! ಅರ್ಧ ಅಂಕ ನನ್ನ ಕಡೆಯಿಂದ ಉಡುಗೊರೆ.

"ಗಾಡಿ ಟಾಕಿಯೊಳಗ ಸಾದಾ ಪೆಟ್ರೋಲ್ ಬರೋಬ್ಬರಿ ಹತ್ತು ಲೀಟರ್ ಇರಲಿ. ಉಳಿದದ್ದು ನನಗ ಬಿಡ್ರಿ," ಎಂದೆ.

"ನೀ ಲೆಕ್ಕದ ಮನಷ್ಯಾ. ನಿನಗ ಬಿಟ್ಟೀನಿ," ಎಂದರು ಭಾವ. ಈ ಮಾತು ನೆನಪಾದಾಗಲೆಲ್ಲ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂಕಿನವರು ಪೆಟ್ರೋಲು ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಗಟ್ಟಿ ಮುಚ್ಚಳದ ಹತ್ತು ಲೀಟರಿನ ಹಾಲಿನ ಕ್ಯಾನು ಒಂದಿತ್ತು. ಆದರೆ ಆಗ ಅದು ಮನೆಯಲ್ಲಿರಲಿಲ್ಲ. ಎಮ್ಮೆ ಈದಾಗ ಅವ್ವ ಅದರಲ್ಲಿ ಗಿಣ್ಣದ ಹಾಲು ಹಾಕಿ ಕೊಣ್ಣೂರಿನಲ್ಲಿರುವ ತನ್ನ ತಂಗಿ ಸುಶೀಲಾ ಚಿಗವ್ವನಿಗೆ ಕಳಿಸಿದ್ದಳು. ಕೊಣ್ಣೂರು ನನ್ನ ದಾರಿಯಲ್ಲೇ ಬರುತ್ತದೆ. ಹೀಗೆ ಶನಿವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ಬೈಕು ಚಿಗವ್ವನ ಬಾಗಿಲಲ್ಲಿ ನಿಂತಿತು.

ಚಿಗವ್ವ ಒಳಗೆ ಹೋಗಿ, ಸ್ವಲ್ಪ ಹೊತ್ತು ಅದೇನೋ ಮಾಡಿ, ಕ್ಯಾನು ತಂದು ಕೊಟ್ಟಳು.

"ಹಂಗ ಎಲ್ಲೆರ ಒಗದಾಡಬ್ಯಾಡ. ಸೀದಾ ನಿಮ್ಮವ್ವನ ಕೈಯಾಗ ಕೊಡು."

"ಹೂಂ," ಎಂದೆ. ತಲೆಯಲ್ಲಿ ತೊಂಬತ್ತೈದೂವರೆ ಓಡಾಡುತ್ತಿತ್ತು.

"ಚಹಾ ಕುಡುದು ಹೋಗೋ ಪಕ್ಯಾ."

"ವ್ಯಾಳ್ಯಾ ಇಲ್ಲ ಚಿಗವ್ವಾ. ದೊಡ್ಡ ಕೆಲಸ ಐತಿ."

ದಾರಿಯುದ್ದಕ್ಕೂ ಹಿಂದಿನಿಂದ ಸರಸರ ಎಂಬ ಸದ್ದು ಬರುತ್ತಿತ್ತು. ಬೈಕಿನ ಚೈನು ಸಡಿಲಾಗಿದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಬಂಕು ಮುಟ್ಟಿದಾಗ ಮುಚ್ಚಳದ ಮೇಲೆ ಕೆಂಪಿರುವೆಗಳು ಓಡಾಡುತ್ತಿದ್ದವು. ಊದಿ ಓಡಿಸಿದೆ. ಕ್ಯಾನಿನ ಬಾಯಿ ತೆರೆದು ಪೆಟ್ರೋಲು ಹಾಕಿದವನು ಬಂಕಿನವನು. ಆ ಹೊತ್ತಿಗೆ ನಾನೇನು ಮಾಡುತ್ತಿದ್ದೆ? ಯಂತ್ರದ ಮೇಲಿನ ಅಂಕಿಯನ್ನು ಬರೆದುಕೊಳ್ಳುತ್ತಿದ್ದೆ!

ಒಂಬತ್ತೂವರೆ ಲೀಟರಿಗೆ ಕ್ಯಾನು ಕುತ್ತಿಗೆ ಮುಟ್ಟಿತು.

"ತುಂಬೇತ್ರಿ. ಇನ್ನ ಹಿಡಿಯಂಗಿಲ್ಲ," ಎಂದ ಬಂಕಿನವನು.

ಹತ್ತು ಲೀಟರಿನ ಕ್ಯಾನು ಒಂಬತ್ತೂವರೆಗೆ ತುಂಬಿದೆ ಎಂದರೆ ಏನರ್ಥ? ಬುದ್ಧಿವಂತನಾದವನು ಕ್ಯಾನಿನೊಳಗೆ ಬಗ್ಗಿ ನೋಡುತ್ತಾನೆ. ಗಣಿತದವನು ಹಾಗೆ ಮಾಡುವುದಿಲ್ಲ. ಬಂಕಿನವನ ಯಂತ್ರ ತಪ್ಪು ತೋರಿಸುತ್ತಿದೆ, ಅರ್ಧ ಲೀಟರು ನನಗೆ ಪುಕ್ಕಟೆ ಬಂದಿದೆ ಎಂದು ನಾನು ಲೆಕ್ಕ ಹಾಕಿದೆ. ಹೇಳಲೋ ಬೇಡವೋ ಎಂದು ಒಂದು ಕ್ಷಣ ಧರ್ಮಸಂಕಟವಾಯಿತು. ಒಂದೇ ಕ್ಷಣ. ಆಮೇಲೆ ಮುಚ್ಚಳ ಬಿಗಿದು, ಕಳ್ಳನಂತೆ ಬೈಕು ಏರಿ ಹೊರಟೆ.

ಅಂದು ಸಂಜೆ ಭಾವ ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ಮರುದಿನ ರವಿವಾರ, ಬೆಳಿಗ್ಗೆ ಆರು ನಲವತ್ತಕ್ಕೆ ಮಿಶ್ರಣ ಕಾರ್ಯಕ್ರಮ. ಮೊದಲು ಕ್ಯಾನನ್ನು ಎರಡೂ ಕೈಯಿಂದ ಹಿಡಿದು ಚೆನ್ನಾಗಿ ಕುಲುಕಿದೆ. ಯಾಕೆ ಕುಲುಕಿದೆ? ಔಷಧದ ಬಾಟಲಿಯ ಮೇಲೆ ಹಾಗೆ ಬರೆದಿರುತ್ತದೆ. ಟಾಕಿಯ ಬಾಯಿಗೆ ಆಲಿಕೆ ಇಟ್ಟೆ. ಅಂಗಳ ಗುಡಿಸುತ್ತಿದ್ದ ಅವ್ವ ಬಂದು ನಿಂತಳು.

"ಸೋಸಿ ಹಾಕಪಾ. ಅರಿವಿ ತರ್ಲೇನು?"

"ಅವ್ವಾ, ಇದೇನು ಚಹಾ ಅಲ್ಲ!"

ಭಾವ ನಕ್ಕರು. ನಾನೂ ನಕ್ಕೆ. ಅವ್ವ ಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಪೆಟ್ರೋಲು ಇಳಿಯಿತು. ತಳದಲ್ಲಿ ಇನ್ನೂ ಏನೋ ಉಳಿದಂತೆ ಭಾರ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು, ಗಾಡಿ ಬದುಕುತ್ತಿತ್ತು. ಆದರೆ ನನ್ನ ಲೆಕ್ಕಕ್ಕೆ ಕೊನೆಯ ಹನಿಯೂ ಬೇಕು! ಕ್ಯಾನನ್ನು ಪೂರ್ತಿ ಬೋರಲು ಹಾಕಿ, ತಳಕ್ಕೆ ಅಂಗೈಯಿಂದ ಪಟಪಟ ಬಡಿದೆ. ಏನೋ ಸರ್‍ರನೆ ಇಳಿಯಿತು. ಆಲಿಕೆಯಲ್ಲಿ ಕಟ್ಟಿಕೊಂಡಿತು. ನೂರರ ಪೆಟ್ರೋಲು ಸ್ವಲ್ಪ ದಪ್ಪಗಿರುತ್ತದೇನೋ ಎಂದುಕೊಂಡು ಊದುಬತ್ತಿಯ ಕಡ್ಡಿಯಿಂದ ತಿವಿದು ಕೆಳಗಿಳಿಸಿದೆ. ಅರ್ಧ ನಿದ್ದೆಯ ಮಬ್ಬು ಬೆಳಕಿನಲ್ಲಿ, ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಗಾಡಿ ಹೊರಟಿತು. ಮುಂದೆ ಭಾವ. ಹಿಂದೆ ಸೀಟೆಂಬ ಹೆಸರಿನ ಒಂದು ಗೂಡು. ಅದರಲ್ಲಿ ಮಡಚಿಕೊಂಡ ನಾನು. ಏರು ಬಂತು. ಟಕಟಕ ಇಲ್ಲ! ಇನ್ನೊಂದು ಏರು. ಇಲ್ಲ!

"ಪ್ರಕಾಶಾ, ಬೆಣ್ಣಿ ಹಂಗ ಹೊಂಟೈತಲ್ಲೋ!" ಎಂದು ಭಾವ ಸ್ಟಿಯರಿಂಗ್ ತಟ್ಟಿದರು. ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅವರ ಮದುವೆಯ ದಿನವೂ ಕಂಡಿರಲಿಲ್ಲ. ಗೂಡಿನಲ್ಲಿ ಜಾಗವಿದ್ದಿದ್ದರೆ ನಾನು ಎದೆ ಉಬ್ಬಿಸುತ್ತಿದ್ದೆ.

ಕುಲಗೋಡದಲ್ಲಿ ಮುತ್ಯಾ ಕಂಬಳಿ, ಕೋಲು, ಹಬ್ಬದ ರುಮಾಲು ಸಮೇತ ತಯಾರಾಗಿ ನಿಂತಿದ್ದರು. ಹತ್ತುವುದಲ್ಲ, ಇಳಿಯಬೇಕಿತ್ತು.

"ಬಾವಿಗೆ ಇಳದಂಗ ಆತಲ್ಲೋ! ಹಗ್ಗಾ ಬಿಡ್ರಿ ಮೊದಲ."

ರುಮಾಲು ತೆಗೆಯುವುದಿಲ್ಲವೆಂದರು. ಚಾವಣಿ ಎತ್ತುವಂತಿರಲಿಲ್ಲ. ಆದ್ದರಿಂದ ಮುತ್ಯಾ ಜಾರಿ ಜಾರಿ, ಕಣ್ಣು ಕಿಟಕಿಯ ಕೆಳಗಂಚಿಗೆ ಬರುವಷ್ಟು ಕೆಳಗೆ ಹೋದರು. ಕೋಲು ನನ್ನ ಗೂಡಿಗೆ ಬಂತು. ಅದರ ತುದಿ ಗೋಕಾಕ ಬರುವವರೆಗೂ ನನ್ನ ಪಕ್ಕೆಲುಬುಗಳನ್ನು ಎಣಿಸುತ್ತಿತ್ತು.

"ಹೆಂಗೈತಿ ಯಪ್ಪಾ?"

"ಏನ್ ಕಾಣತೈತಿ ಮಣ್ಣು. ಬರೇ ಆಕಾಶ. ಆದರ ಮೆತ್ತಗೈತಿ ಬಿಡು."

ಮೆತ್ತಗೈತಿ ಬಿಡು! ಮೂರು ತಿಂಗಳಲ್ಲಿ ಮೊದಲ ಹೊಗಳಿಕೆ. ಭಾವ ಕನ್ನಡಿಯಲ್ಲಿ ನನಗೆ ಕಣ್ಣು ಮಿಟುಕಿಸಿದರು. ನನಗೆ ತಡೆಯಲಾಗಲಿಲ್ಲ.

"ಮುತ್ಯಾ, ಇದರಾಗ ನನ್ನ ಕೈಗುಣಾ ಐತ್ರಿ. ಎಣ್ಣಿ ಬದಲು ಮಾಡೀನಿ. ಭಾಳ ಛಲೋದು."

"ಅಂದ್ರ ಮೇವು ಬದಲು ಮಾಡಿದಿ ಅನ್ನು."

"ಹಂಗ ಅನ್ರಿ."

"ಒಮ್ಮಿಗೇ ಮಾಡಬಾರದೋ ತಮ್ಮಾ. ಹೊಟ್ಟಿ ಉಬ್ಬಿ ಕಾಲು ಚಾಚತಾವು."

ನಾನು ಕೋಲಿನ ಹಿಂದಿನಿಂದ ಸಹನೆಯ ನಗೆ ನಕ್ಕೆ. ಇಂಜಿನ್ನಿಗೆ ಹೊಟ್ಟೆ ಇರುವುದಿಲ್ಲವೆಂದು ಕುರಿ ಕಾಯುವವರಿಗೆ ಹೇಗೆ ವಿವರಿಸುವುದು?

ಗೋಕಾಕ ದಾಟಿದೆವು. ಕೊಣ್ಣೂರು ಬಂತು. ಅಲ್ಲಿ ಗಾಡಿ ಒಮ್ಮೆ ಬಿಕ್ಕಿತು. ಭಾವ ಕಾಲು ಒತ್ತಿದರು. ಎರಡು ಸಲ ಬಿಕ್ಕಿತು. ಆಮೇಲೆ ಯಾರೋ ಕುತ್ತಿಗೆ ಹಿಚುಕಿದಂತೆ ಉಸಿರೆಳೆದು, ರಸ್ತೆಯ ಎಡಬದಿಗೆ ಹೋಗಿ, ಎರಡು ಕಬ್ಬಿನ ಹೊಲಗಳ ನಡುವೆ ಕುಳಿತುಬಿಟ್ಟಿತು.

ಭಾವ ಕೀಲಿ ತಿರುವಿದರು. ಕುಂಯ್ ಅಂದಿತು. ಮತ್ತೆ ತಿರುವಿದರು. ಕುಂಯ್ ಕೂಡ ಅನ್ನಲಿಲ್ಲ. ಮುತ್ಯಾ ಆಕಾಶ ನೋಡುತ್ತ ಮಲಗಿದಂತೆ ಕುಳಿತಿದ್ದರು.

"ಕುಂತಿತು," ಎಂದರು.

ಭಾವ ಹಿಂದೆ ತಿರುಗಿ ನನ್ನನ್ನು ನೋಡಿದರು. ಬೈಯುವ ನೋಟವಲ್ಲ. ಉತ್ತರ ಗೊತ್ತಿರುವ ಹುಡುಗನನ್ನು ಮಾಸ್ತರರು ನೋಡುವ ನೋಟ. ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಪೆನ್ನು ಹಿಂಜರಿಯುತ್ತಿದೆ. ಆದರೂ ಬರೆಯುತ್ತೇನೆ.

"ಎಣ್ಣಿದೇನೂ ತಪ್ಪಿಲ್ರಿ ಭಾವಾ. ಲೆಕ್ಕಾ ಬರೋಬ್ಬರಿ ಐತಿ. ಗಾಡಿ ಹಳೇದಲ್ರಿ, ಪಂಪ್ ಹೋಗಿರಬೇಕು. ಹಿಂಗಾ ಇವು, ಸೆಕೆಂಡ್ ಹ್ಯಾಂಡ್ ಅಂದ್ರ."

ಎರಡು ಗಂಟೆ ಹಿಂದೆ ಬೆಣ್ಣೆಯಂತೆ ಓಡಿದ್ದಕ್ಕೆ ನನ್ನ ಕೈಗುಣ ಕಾರಣ. ನಿಂತದ್ದಕ್ಕೆ ಗಾಡಿಯ ವಯಸ್ಸು ಕಾರಣ!

ಭಾವ ಕೆಳಗಿಳಿದರು. ಸುತ್ತ ಬಂದು ತಂದೆಯನ್ನು ಎರಡೂ ಕೈ ಹಿಡಿದು ಮೇಲೆಳೆದರು. ಹಳದಿ ಬಾನೆಟ್ಟಿನ ಮೇಲೆ ಒಮ್ಮೆ ಕೈ ಆಡಿಸಿದರು. ಆಮೇಲೆ ಕೀಲಿ ತೆಗೆದು ಮುತ್ಯಾನ ಅಂಗೈಯಲ್ಲಿ ಇಟ್ಟರು.

"ಮಾತು ಅಂದ್ರ ಮಾತು ಯಪ್ಪಾ. ಮಾರತೇನಿ."

ಮುತ್ಯಾ ಕೀಲಿಯನ್ನು ನೋಡಿದರು, ಮಗನನ್ನು ನೋಡಿದರು. ಗೆದ್ದ ಮುಖವಲ್ಲ ಅದು. ನಾನು ಮಾತ್ರ ರಸ್ತೆಯ ಆಚೆಯ ಕಬ್ಬಿನ ಸಾಲುಗಳನ್ನು ಎಣಿಸುತ್ತಿದ್ದೆ.

ಅಷ್ಟರಲ್ಲಿ ಯಾರೋ ಹೋಗಿ ಹೇಳಿದ್ದರು. ಊರಿನ ಕಡೆಯಿಂದ ಸುಶೀಲಾ ಚಿಗವ್ವ ತಂಬಿಗೆಯಲ್ಲಿ ನೀರು ಹಿಡಿದು ಓಡುತ್ತ ಬಂದಳು.

"ಅಯ್ಯ, ಬೀಗರು ರಸ್ತಾದಾಗ ನಿಂತಾರ! ಬರ್ರಿ, ಮನಿಗೆ ಬರ್ರಿ. ಮುತ್ಯಾ, ನೀರು ಕುಡೀರಿ. ಚಹಾ ಕುಡೀದ ಬಿಡಂಗಿಲ್ಲ ನಾ."

"ಬ್ಯಾಡವಾ ತಾಯಿ," ಎಂದರು ಮುತ್ಯಾ.

"ಹಂಗಂದ್ರ ಹೆಂಗ್ರಿ? ಆದರ ಬೆಲ್ಲದ ಚಹಾ ಆಗತೈತಿ ನೋಡ್ರಿ, ತಪ್ಪು ತಿಳೀಬ್ಯಾಡ್ರಿ. ಮನ್ಯಾಗಿದ್ದ ಸಕ್ರಿ ಎಲ್ಲಾ ನಿನ್ನಿ ಈ ಪಕ್ಯಾನ ಕ್ಯಾನ್‍ನ್ಯಾಗ ಹಾಕಿ ಕೊಟ್ಟೀನಿ."

ಕಬ್ಬಿನ ಹೊಲದಲ್ಲಿ ಗಾಳಿ ನಿಂತಿತು.

"ಯಾವ ಸಕ್ರಿ?" ಎಂದರು ಭಾವ.

"ಅಕ್ಕ ಗಿಣ್ಣದ ಹಾಲು ಕಳಿಸಿದ್ದಳಲ್ರಿ. ಬಂದ ಭಾಂಡೆ ಖಾಲಿ ಹೊಳ್ಳಿ ಕಳಿಸ್ತಾರೇನು? ಕ್ಯಾನ್ ತೊಳದು, ಒಂದ್ ಕಿಲೋ ಸಕ್ರಿ ಹಾಕಿದೆ. ಸ್ವಲ್ಪ ಹಸಿ ಇತ್ತು, ಅದಕ್ಕ ಸೀದಾ ಅವ್ವನ ಕೈಯಾಗ ಕೊಡು ಅಂತ ಹೇಳೀನಿ. ಹೌದಿಲ್ಲೋ? ಕೊಟ್ಟೀದಿಲ್ಲೋ ಪಕ್ಯಾ?"

ಸರಸರ ಸದ್ದು. ಕೆಂಪಿರುವೆ. ಒಂಬತ್ತೂವರೆ ಲೀಟರು. ಊದುಬತ್ತಿ ಕಡ್ಡಿ. ಎಲ್ಲ ಸಾಲಾಗಿ ಬಂದು ನನ್ನೆದುರು ನಿಂತವು. ಪೆಟ್ರೋಲಿನಲ್ಲಿ ಸಕ್ಕರೆ ಕರಗುವುದಿಲ್ಲ. ಇದು ನನಗೆ ಗೊತ್ತು. ಹಸಿಯಾದ ಸಕ್ಕರೆ ಪಾಕವಾಗಿ, ಟಾಕಿಯ ತಳದಲ್ಲಿ ಪೆಟ್ರೋಲು ಸೋಸುವ ಜಾಳಿಗೆಗೆ ಮೆತ್ತಿ, ಅದರ ದಾರಿ ಕಟ್ಟಿತ್ತು. ಬೆಳಿಗ್ಗೆ ಅವ್ವ ತರಲೇ ಎಂದು ಕೇಳಿದ್ದ ಒಂದು ತುಂಡು ಅರಿವೆ ಸಾಕಿತ್ತು.

"ಕೊಟ್ಟೆ ಚಿಗವ್ವಾ," ಎಂದೆ. ಧ್ವನಿ ಯಾರದ್ದೋ ಇದ್ದಂತಿತ್ತು. "ಗಾಡಿಗೆ."

ಚಿಗವ್ವ ಬಾಯಿಗೆ ಸೆರಗು ಹಿಡಿದಳು. ಭಾವ ಟಾಕಿಯ ಮುಚ್ಚಳ ತೆರೆದು ಒಳಗೆ ಇಣುಕಿ, ಮತ್ತೆ ಮುಚ್ಚಿದರು. ಒಂದು ಏಟು ಹೊಡೆದಿದ್ದರೂ ನಾನು ಕೃತಜ್ಞನಾಗಿರುತ್ತಿದ್ದೆ.

"ತಪ್ಪು ನಂದ್ರಿ ಮುತ್ಯಾ," ಎಂದೆ. "ಪಂಪ್ ಅಂದದ್ದೂ ಸುಳ್ಳ. ಗಾಡಿ ಛಲೋ ಐತ್ರಿ."

ಮುತ್ಯಾ ಗಾಡಿಯ ಸುತ್ತ ಒಂದು ಸುತ್ತು ಬಂದರು. ಸಂತೆಯಲ್ಲಿ ಟಗರನ್ನು ನೋಡುವಂತೆ ಹಿಂದೆ ಮುಂದೆ ತಟ್ಟಿ ನೋಡಿದರು. ಆಮೇಲೆ ಕೀಲಿಯನ್ನು ಮಗನ ಕೈಗೆ ವಾಪಸು ಹಾಕಿದರು.

"ಟಗರು ತಾನಾಗಿ ಕುಂತಿಲ್ಲ. ಯಾರೋ ಕಾಲು ಕಟ್ಟ್ಯಾರ. ಅದನ್ನ ಸಂತಿಗೆ ಹೊಡಿಯೂದು ನ್ಯಾಯ ಅಲ್ಲ." ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೊಡೀಬೇಕಾದ್ದು ಬ್ಯಾರೇನ ಐತಿ. ಆದರ ಯಾರು ಕೊಳ್ತಾರು?"

ಎಲ್ಲರೂ ನಕ್ಕರು. ಭಾವನೂ ನಕ್ಕರು, ಕೀಲಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. ನಾನು ನಗಲು ಪ್ರಯತ್ನಿಸಿದೆ. ಯಾರೂ ಪ್ರೋತ್ಸಾಹಿಸಲಿಲ್ಲ.

ಬೆಲ್ಲದ ಚಹಾ ಆಯಿತು. ಘಟಪ್ರಭೆಯ ಗ್ಯಾರೇಜಿಗೆ ಗಾಡಿ ಎಳೆಯಲು ಸಿಕ್ಕಿದ್ದು, ಎರಡು ಟ್ರೇಲರು ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟಿದ್ದ ಟ್ರ್ಯಾಕ್ಟರು. ಹಗ್ಗ ಕಟ್ಟುತ್ತ ಅದರ ಡ್ರೈವರ್ ಕೇಳಿದ:

"ಎಷ್ಟು ಓಡತೈತ್ರಿ ಇದು?"

"ತಾಸಿಗೆ ಎರಡನೂರು," ಎಂದರು ಭಾವ.

"ಇವತ್ತ ಹನ್ನೆರಡು ಓಡತೈತಿ. ಗಟ್ಟಿ ಹಿಡಕೊಂಡು ಕುಂದರ್ರಿ!"

ಮುತ್ಯಾ ಟ್ರ್ಯಾಕ್ಟರ್ ಏರಲು ಒಪ್ಪಲಿಲ್ಲ, ಸೀದಾ ಗಾಡಿಯ ಬಾವಿಗೇ ಮತ್ತೆ ಇಳಿದರು. ಈ ಸಲ ತಾವಾಗಿಯೇ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹಗ್ಗ ನೋಡಿಕೊಳ್ಳಲೆಂದು ನನ್ನನ್ನು ಕಬ್ಬಿನ ಹೇರಿನ ಹಿಂದಿನ ತುದಿಯಲ್ಲಿ, ಹಿಮ್ಮುಖವಾಗಿ ಕೂರಿಸಿದರು. ಎಂದರೆ ಭಾವನ ಮುಖಕ್ಕೆ ನೇರವಾಗಿ! ಅರ್ಧ ತಾಸು ನನ್ನ ಕಣ್ಣೆದುರು ಗಾಜು, ಗಾಜಿನ ಹಿಂದೆ ಅವರ ಕಣ್ಣು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನನ್ನ ಕೆಳಗೆ ಟನ್ನುಗಟ್ಟಲೆ ಸಕ್ಕರೆ ಕಾರ್ಖಾನೆಗೆ ಹೋಗುತ್ತಿತ್ತು. ಹಿಂದೆ ಬರುತ್ತಿದ್ದ ಗಾಡಿಯ ಟಾಕಿಗೆ ಒಂದು ಕಿಲೋ ಮೊದಲೇ ಮುಟ್ಟಿತ್ತು.

ಮುತ್ಯಾ ಮಾತ್ರ ಕಿಟಕಿಯಿಂದ ಕೈ ಹೊರಗಿಟ್ಟು ದಾರಿಯವರಿಗೆಲ್ಲ ರಾಮ ರಾಮ ಹೇಳುತ್ತಿದ್ದರು. ಗ್ಯಾರೇಜು ಬಂದಾಗ, "ಹಿಂಗ ಸಾವಕಾಶ ಹೋದ್ರ ದಿನಾ ಕೂಡತೇನಿ" ಎಂದರು. ಇಳಿಯಲು ಮನಸ್ಸಿರಲಿಲ್ಲ.

ಟಾಕಿ ಬಿಚ್ಚಿದರು. ಜಾಳಿಗೆಗೆ ಮೆತ್ತಿದ್ದು ಶಂಕರಪಾಳಿಯ ಪಾಕದಂತೆ ಹೊಳೆಯುತ್ತಿತ್ತು. ಟಾಕಿ ತೊಳೆದು, ಪಂಪು ಬದಲಾಯಿಸಿದ ಮೇಲೆ ಗಾಡಿ ಮೊದಲಿನಂತಾಯಿತು. ಮುತ್ಯಾ ಈಗ ತಿಂಗಳಿಗೊಮ್ಮೆ ಅದರಲ್ಲಿ ಹುಕ್ಕೇರಿಗೆ ಬರುತ್ತಾರೆ. ಸಾದಾ ಪೆಟ್ರೋಲಿಗೆ ಸಮಸಮನಾಗಿ ನೂರರ ಪೆಟ್ರೋಲನ್ನು ಭಾವ ತಾವೇ ಹೋಗಿ, ನೇರವಾಗಿ ಟಾಕಿಗೇ ಹಾಕಿಸುತ್ತಾರೆ. ಟಕಟಕ ಇಲ್ಲ. ನನ್ನ ಸರಾಸರಿ ಸರಿಯಾಗಿಯೇ ಇತ್ತು! ಇದನ್ನು ಒಮ್ಮೆ ಊಟದ ಹೊತ್ತಿಗೆ ಹೇಳಿದೆ. ಅಕ್ಕ ಎದ್ದುಹೋಗಿ ನನಗೊಂದು ಕಪ್ ಚಹಾ ತಂದಿಟ್ಟಳು. ಸಕ್ಕರೆ ಇರಲಿಲ್ಲ.

"ನಿನ್ನ ಪಾಲಿಂದು ಗಾಡಿಗೆ ಹಾಕೀದಿ," ಎಂದಳು. ಅಂದಿನಿಂದ ಆ ಮನೆಯಲ್ಲಿ ನನಗೆ ಅದೇ ಚಹಾ.

ಇನ್ನೊಂದು ಬಾಕಿ ಇದೆ. ಚಿಗವ್ವನ ಸಕ್ಕರೆಗೆ ಪ್ರತಿಯಾಗಿ ಅವ್ವ ಅದೇ ಕ್ಯಾನಿನಲ್ಲಿ ಮಜ್ಜಿಗೆ ಕಳಿಸಬೇಕೆಂದಿದ್ದಾಳೆ. ಖಾಲಿ ಕಳಿಸುವ ಹಾಗಿಲ್ಲ. ಬೂದಿ, ಹುಣಸೆಹಣ್ಣು, ಸೀಗೆಪುಡಿ, ಸೋಪಿನ ಪುಡಿ, ಮೂರು ದಿನದ ಬಿಸಿಲು, ಎಲ್ಲ ಆಯಿತು. ಮುಚ್ಚಳ ತೆರೆದರೆ ಇನ್ನೂ ಬೆಳಗಾವಿಯ ಬಂಕೇ ಎದುರಿಗೆ ಬರುತ್ತದೆ. ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಆಕ್ಟೇನಿನ ಬಗ್ಗೆ ಯಾರೂ ಬರೆಯುವುದು ಬೇಡ. ಅದೆಲ್ಲ ನನಗೆ ಗೊತ್ತಿದೆ. ಹಾಲಿನ ಕ್ಯಾನು ತೊಳೆಯುವುದು ಹೇಗೆಂದು ಬಲ್ಲವರು ಯಾರಾದರೂ ಇದ್ದರೆ, ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.